ಗುಪ್ತರೋಗ, ಗುಪ್ತ ಔಷಧ

ನಮ್ಮಲ್ಲಿ ಒಂದು ಜಾತಿಯ ರೋಗಕ್ಕೆ ಮನೆಯೊಳಗೆ ಹೆಸರಿಲ್ಲ, ಗೋಡೆಯ ಮೇಲೆ ಮಾತ್ರ ಇದೆ. ಬಸ್‌ಸ್ಟ್ಯಾಂಡಿನ ಹಿಂಬದಿ, ರೈಲು ಹಳಿಯ ಪಕ್ಕದ ಕಾಂಪೌಂಡು, ಪಾಳುಬಿದ್ದ ಅಂಗಡಿಯ ಬಾಗಿಲು, ಎಲ್ಲೆಂದರಲ್ಲಿ ಮೊಳದುದ್ದದ ಅಕ್ಷರಗಳಲ್ಲಿ ‘ಗುಪ್ತರೋಗ’ ಎಂದು ಬರೆದಿರುತ್ತಾರೆ. ಕೆಳಗೆ ಗಿಡಮೂಲಿಕೆಯಿಂದ ಖಾತ್ರಿ ಗುಣ, ಗುಟ್ಟು ಕಾಪಾಡಲಾಗುವುದು ಎಂಬ ಭರವಸೆ. ರೋಗವೂ ಗುಪ್ತ, ಔಷಧವೂ ಗುಪ್ತ, ಅದರೊಳಗೆ ಏನಿದೆ ಎಂಬುದೂ ಗುಪ್ತ. ಗುಣವಾಯಿತೋ ಇಲ್ಲವೋ ಎಂಬುದು ಎಲ್ಲಕ್ಕಿಂತ ಗುಪ್ತ. ಈ ಗುಟ್ಟಿನ ವ್ಯವಹಾರದಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬ ಲೆಕ್ಕವನ್ನು ಹೆಂಗಸರಾದ ನಾವೇ ಹಾಕಬೇಕು. ಏಕೆಂದರೆ ನಷ್ಟದ ಬಾಬ್ತು ಪೂರಾ ನಮ್ಮ ಹೆಸರಿನಲ್ಲಿದೆ.

ನಾನು ಶಿರಗುಪ್ಪಿಯವಳು. ಮೊದಲು ಅಥಣಿ ತಾಲ್ಲೂಕಿನಲ್ಲಿದ್ದು ಈಗ ಕಾಗವಾಡ ತಾಲ್ಲೂಕಿಗೆ ಸೇರಿರುವ ಊರು. ಸುತ್ತ ಕಬ್ಬು, ಹತ್ತಿರದಲ್ಲೇ ಕೃಷ್ಣೆ, ದೊಡ್ಡ ಬ್ಯಾನಿ ಬಂದರೆ ಮಿರಜಿ. ಈ ಸೀಮೆಯ ಹಳ್ಳಿಗಳಲ್ಲಿ ನರ್ಸಾಗಿ ತಿರುಗಿ ನಿವೃತ್ತಳಾದವಳು ನಾನು. ಹೆಂಗಸರು ನನ್ನನ್ನು ‘ಬಾಯಾರ’ ಎಂದೇ ಕರೆದರು. ಕೂಸಿಗೆ ಲಸಿಕೆ ಹಾಕಿ, ಬಸುರಿಯ ಹೊಟ್ಟೆ ನೋಡಿ, ಚಹಾ ಕುಡಿದು ಏಳುವ ಹೊತ್ತಿಗೆ ಮನೆಯ ಸೊಸೆ ಬಾಗಿಲ ಮರೆಗೆ ಬಂದು ಸೆರಗಿನ ತುದಿ ತಿರುವುತ್ತ ನಿಲ್ಲುವಳು. “ಬಾಯಾರ, ಒಂದೀಟು ಒಳಗ ಬರ್ರಿ. ಬಿಳಿ ಭಾಳ ಹೋಗತೈತ್ರಿ. ಉರಿತೈತಿ. ಕಿಬ್ಬೊಟ್ಟಿ ಹಿಡದಂಗ ಆಗೈತಿ. ಯಾರ ಮುಂದೂ ಹೇಳಬ್ಯಾಡ್ರಿ.” ಏನು ತಗೊಂಡಿ ಎಂದು ಕೇಳಿದರೆ ಉತ್ತರ ಮೊದಲೇ ಗೊತ್ತಿರುತ್ತಿತ್ತು. ಅತ್ತೆ ಹೇಳಿದ ಅಕ್ಕಿ ತೊಳೆದ ನೀರು, ನೆಗ್ಗಿನಮುಳ್ಳಿನ ಕಷಾಯ, ಬೇವಿನ ನೀರಿನಿಂದ ತೊಳೆದುಕೊಳ್ಳುವುದು, ಪಟಿಕದ ಪುಡಿ. ಅದೂ ಮುಗಿದಿದ್ದರೆ ಯಾರೋ ಕೊಟ್ಟ ಕರಿಯ ಗುಳಿಗೆ. ಅದು ಎಂಥದು ಎಂದರೆ, “ಗಾವಟಿ ಔಷಧರಿ, ಏನೂ ಅಪಾಯ ಇಲ್ಲಂತ.”

ಈ ‘ಅಪಾಯ ಇಲ್ಲಂತ’ ಎಂಬ ಮಾತಿನ ಮೇಲೆಯೇ ನನ್ನ ತಕರಾರು. ಯಾರು ಅಂದರು? ಯಾರ ಮೇಲೆ ನೋಡಿ ಅಂದರು?

ಹೀಗೆಂದ ಕೂಡಲೇ ಕೆಲವರು ಸಿಟ್ಟಾಗುತ್ತಾರೆ. ಹಳೆಯದೆಲ್ಲ ಸುಳ್ಳೋ, ಅಜ್ಜಿಯರೆಲ್ಲ ದಡ್ಡಿಯರೋ ಎಂದು ಕೇಳುತ್ತಾರೆ. ನಾನು ಹಾಗೆ ಹೇಳುವವಳಲ್ಲ. ಎಲ್ಲ ಬಿಳುಪೂ ಅಂಟುರೋಗವಲ್ಲ. ಮುಟ್ಟಿನ ನಡುವೆ, ಬಸುರಿನಲ್ಲಿ ಬಿಳುಪು ಹೋಗುವುದು ಶರೀರದ ಸಹಜ ಧರ್ಮ. ಅಂಥದಕ್ಕೆ ಅಕ್ಕಿ ತೊಳೆದ ನೀರು ಕುಡಿದರೂ ಸರಿ, ಕುಡಿಯದಿದ್ದರೂ ಸರಿ. ಗಿಡದಲ್ಲಿ ಗುಣವಿಲ್ಲವೆಂದೂ ನಾನು ಅನ್ನುವುದಿಲ್ಲ. ಚೀನಾದ ತೂ ಯೂಯೂ ಎಂಬ ಹೆಂಗಸು ಸಾವಿರದಾರುನೂರು ವರ್ಷ ಹಿಂದಿನ ವೈದ್ಯಗ್ರಂಥದಲ್ಲಿ ಚಳಿಜ್ವರಕ್ಕೆ ಹೇಳಿದ್ದ ಒಂದು ಗಿಡವನ್ನು ಹಿಡಿದು ಕೂತಳು. 1970ರ ದಶಕದ ಆರಂಭದಲ್ಲಿ ಅದರ ಸಾರ ತೆಗೆದು ಮೊದಲು ಪ್ರಾಣಿಗಳ ಮೇಲೆ ನೋಡಿ, ಆಮೇಲೆ ತಾನೇ ಕುಡಿದು ನೋಡಿ, ನಂತರ ರೋಗಿಗಳಿಗೆ ಕೊಟ್ಟಳು. ಇವತ್ತು ಮಲೇರಿಯಾಕ್ಕೆ ಜಗತ್ತೆಲ್ಲ ನುಂಗುವ ಮುಖ್ಯ ಔಷಧ ಅಲ್ಲಿಂದ ಬಂದದ್ದು. 2015ರಲ್ಲಿ ಆಕೆಗೆ ನೊಬೆಲ್ ಬಹುಮಾನ ಬಂತು. ಗಿಡಕ್ಕೆ ಆಕೆ ಕೊಟ್ಟ ಮರ್ಯಾದೆ ಅದು. ಪರೀಕ್ಷೆಗೆ ಒಡ್ಡುವುದೇ ಮರ್ಯಾದೆ. ಗೋಡೆಯ ಮೇಲೆ ಬರೆದು ಗುಟ್ಟಾಗಿ ಮಾರುವುದು ಗಿಡಕ್ಕೂ ಅವಮಾನ, ಅಜ್ಜಿಗೂ ಅವಮಾನ.

ಹಾಗಾದರೆ ಗುಣವಾದವರು ಇದ್ದಾರಲ್ಲ, ಅವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ. ಅವರು ಕಂಡದ್ದನ್ನೇ ಹೇಳುತ್ತಾರೆ. ಸುಳ್ಳು ಹೇಳುವುದು ರೋಗ.

ನಮ್ಮ ಕಡೆ ‘ಗರ್ಮಿ’ ಎಂದು ಕರೆಯುವ ಸಿಫಿಲಿಸ್ ರೋಗವನ್ನೇ ತೆಗೆದುಕೊಳ್ಳಿ. ಅಂಟಿದ ಸುಮಾರು ಮೂರು ವಾರಕ್ಕೆ ಒಂದು ಹುಣ್ಣು ಏಳುತ್ತದೆ. ನೋವಿಲ್ಲದ ಹುಣ್ಣು. ಹೆಂಗಸರಲ್ಲಿ ಅದು ಒಳಗೆ ಎದ್ದರೆ ಕಾಣಿಸುವುದೂ ಇಲ್ಲ. ಮೂರರಿಂದ ಆರು ವಾರದಲ್ಲಿ ಯಾವ ಔಷಧವೂ ಇಲ್ಲದೆ ಆ ಹುಣ್ಣು ತಾನಾಗಿ ಮಾಯುತ್ತದೆ. ಈ ಆರು ವಾರದಲ್ಲಿ ನೀವು ಬೇವು ಹಚ್ಚಿದ್ದರೆ ಬೇವಿನಿಂದ ವಾಸಿಯಾಯಿತು, ಅಂಗಾರ ಹಚ್ಚಿದ್ದರೆ ಅಂಗಾರದಿಂದ ವಾಸಿಯಾಯಿತು, ಐದು ಸಾವಿರ ರೂಪಾಯಿಯ ಗುಳಿಗೆ ನುಂಗಿದ್ದರೆ ಗುಳಿಗೆಯಿಂದ ವಾಸಿಯಾಯಿತು. ರೋಗ ಮಾತ್ರ ರಕ್ತದೊಳಗೆ ಸುಮ್ಮನೆ ಕೂತಿರುತ್ತದೆ. ಕೆಲವು ವಾರಗಳ ಮೇಲೆ ಮೈಮೇಲೆ ದದ್ದು ಬಂದು ಅದೂ ಹೋಗುತ್ತದೆ. ಆಮೇಲೆ ವರುಷಗಟ್ಟಲೆ ಏನೂ ಇಲ್ಲ. ಈ ಏನೂ ಇಲ್ಲದ ವರುಷಗಳಲ್ಲಿ ಹೆಂಡತಿಗೆ ಅಂಟುತ್ತದೆ, ಹೊಟ್ಟೆಯಲ್ಲಿರುವ ಕೂಸಿಗೆ ಹೋಗುತ್ತದೆ. ಕೂಸು ಸತ್ತು ಹುಟ್ಟುತ್ತದೆ, ಇಲ್ಲವೆ ರೋಗ ಹೊತ್ತು ಹುಟ್ಟುತ್ತದೆ. ಆಗ ಊರಿನವರು ಆ ಹೆಣ್ಣುಮಗಳ ಕಾಲ್ಗುಣ ಮಾತಾಡುತ್ತಾರೆ. ಮಾಯಿಸಿದ ಗುಳಿಗೆಯ ಮಾತು ಯಾರೂ ಎತ್ತುವುದಿಲ್ಲ.

ಸಿಫಿಲಿಸ್ ಒಂದೇ ಅಲ್ಲ. ಗೊನೋರಿಯಾ, ಕ್ಲಮಿಡಿಯಾ ಎಂಬ ಸೋಂಕುಗಳು ಬಹಳಷ್ಟು ಹೆಂಗಸರಲ್ಲಿ ಯಾವ ಚಿಹ್ನೆಯನ್ನೂ ತೋರಿಸದೆ ಗರ್ಭನಾಳಗಳನ್ನು ಕಟ್ಟಿಸಿಬಿಡುತ್ತವೆ. ಹರ್ಪಿಸ್ ಹುಣ್ಣುಗಳು ತಾವಾಗಿ ಬಂದು ತಾವಾಗಿ ಹೋಗುತ್ತವೆ. ಎಚ್‌ಐವಿ ಹೊಕ್ಕ ಹೊಸತರಲ್ಲಿ ಒಂದಿಷ್ಟು ಜ್ವರ, ಆಮೇಲೆ ಎಷ್ಟೋ ವರ್ಷ ಗಟ್ಟಿಮುಟ್ಟು. ಈ ರೋಗಗಳೆಲ್ಲ ಒಂದೇ ಗುರುವಿನ ಶಿಷ್ಯರಂತೆ ಬಂದು, ಅಡಗಿ, ಮತ್ತೆ ಬರುತ್ತವೆ. ಆದ್ದರಿಂದಲೇ ಇಲ್ಲಿ ‘ನನಗೆ ಗುಣವಾಯಿತು’ ಎಂಬ ಸಾಕ್ಷಿಗೆ ಬೆಲೆಯಿಲ್ಲ. ನೂರು ಜನ ಹೇಳಿದರೂ ಇಲ್ಲ.

ಸಾಕ್ಷಿ ಎಂದರೆ ಏನು ಎಂಬುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಯಾರೋ ಒಬ್ಬಳು ಬಂದು, ಹಾಲಿಗೆ ಹೆಪ್ಪಿನ ಜೊತೆ ಈ ಎಲೆ ಹಾಕಿದರೇ ಮೊಸರು ಗಟ್ಟಿಯಾಗುತ್ತದೆ ಎಂದರೆ ನೀವೇನು ಮಾಡುತ್ತೀರಿ? ಒಂದೇ ಹಾಲನ್ನು ಎರಡು ಗಡಿಗೆಗೆ ಹಾಕಿ, ಒಂದೇ ಹೆಪ್ಪು ಬಿಟ್ಟು, ಒಂದಕ್ಕೆ ಮಾತ್ರ ಎಲೆ ಹಾಕಿ, ಬೆಳಿಗ್ಗೆ ಎರಡನ್ನೂ ನೋಡುತ್ತೀರಿ. ಎರಡೂ ಒಂದೇ ಸಮ ಹೆಪ್ಪುಗಟ್ಟಿದ್ದರೆ ಎಲೆಯನ್ನು ಮೇಕೆಗೆ ಹಾಕುತ್ತೀರಿ. ಔಷಧದ ಪರೀಕ್ಷೆಯೂ ಇಷ್ಟೆ. ಮೊಸರಿನ ವಿಷಯದಲ್ಲಿ ಇಷ್ಟು ಜಾಣತನ ತೋರಿಸುವ ನಾವು ನಮ್ಮ ಗರ್ಭಕೋಶದ ವಿಷಯದಲ್ಲಿ ಎರಡನೆಯ ಗಡಿಗೆ ಎಲ್ಲಿ ಎಂದು ಯಾಕೆ ಕೇಳುವುದಿಲ್ಲ?

ನಮ್ಮ ಆಯುರ್ವೇದದ ಹಿರಿಯರು ಈ ವಿಷಯದಲ್ಲಿ ಇವತ್ತಿನ ಗೋಡೆ ವೈದ್ಯರಿಗಿಂತ ಪ್ರಾಮಾಣಿಕರಾಗಿದ್ದರು. 16ನೆಯ ಶತಮಾನದ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ಈ ಗರ್ಮಿಯನ್ನು ‘ಫಿರಂಗ ರೋಗ’ ಎಂದು ಕರೆದ. ಫಿರಂಗಿಯವರ ಸಂಪರ್ಕದಿಂದ ಬಂದ ಹೊಸ ರೋಗ ಎಂದು ಒಪ್ಪಿಕೊಂಡು, ಅದಕ್ಕೆ ಹೊರನಾಡಿನಿಂದ ಬಂದ ಚೋಪಚೀನಿ ಬೇರನ್ನೂ ಪಾದರಸದ ರಸಕರ್ಪೂರವನ್ನೂ ಹೇಳಿದ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂಬ ಜಂಬ ಅವನಿಗಿರಲಿಲ್ಲ. ಯುರೋಪಿನಲ್ಲೂ ಶತಮಾನಗಳ ಕಾಲ ಪಾದರಸವನ್ನೇ ಕೊಟ್ಟರು. ಹಲ್ಲು ಉದುರಿ, ಬಾಯಿ ಹುಣ್ಣಾಗಿ ಸತ್ತವರೆಷ್ಟೋ. ಕೊನೆಗೆ 1943ರಲ್ಲಿ ಪೆನಿಸಿಲಿನ್ ಕೊಟ್ಟು ನೋಡಿ ಗೆದ್ದರು. ಇವತ್ತಿಗೂ ಹೊಸದಾಗಿ ಅಂಟಿದ ಸಿಫಿಲಿಸ್‌ಗೆ ಬೆಂಜಥೀನ್ ಪೆನಿಸಿಲಿನ್ನಿನ ಒಂದು ಸಲದ ಇಂಜೆಕ್ಷನ್ ಸಾಕು. ಬಸುರಿಯ ರಕ್ತ ಪರೀಕ್ಷಿಸಿ ವೇಳೆಗೆ ಸರಿಯಾಗಿ ಕೊಟ್ಟರೆ ಕೂಸೂ ಉಳಿಯುತ್ತದೆ. ನಾನೂರು ವರ್ಷ ಹುಡುಕಿ ಸಿಕ್ಕಿದ್ದನ್ನು ಬಿಟ್ಟು ಮತ್ತೆ ಗೋಡೆ ಓದುವುದೆಂದರೆ, ಮನೆಯಲ್ಲಿ ದೀಪವಿಟ್ಟುಕೊಂಡು ಕತ್ತಲೆಯಲ್ಲಿ ತಡಕಾಡಿದ ಹಾಗೆ.

ಸಾಕ್ಷಿ ಕೇಳದೆ ಹೋದರೆ ಏನಾಗುತ್ತದೆ ಎಂಬುದನ್ನು ನೋಡಲು ಆಫ್ರಿಕದ ಕಡೆ ತಿರುಗಬೇಕು. ಅಲ್ಲಿಯೂ ನಮ್ಮ ಹಾಗೆಯೇ ಹಳ್ಳಿಹಳ್ಳಿಗೆ ನಾಟಿ ವೈದ್ಯರಿದ್ದಾರೆ, ಆಸ್ಪತ್ರೆ ದೂರ, ನಾಚಿಕೆ ಹತ್ತಿರ. ಗ್ಯಾಂಬಿಯಾ ಎಂಬ ಪುಟ್ಟ ದೇಶದ ಅಧ್ಯಕ್ಷ ಯಾಹ್ಯಾ ಜಾಮೆ 2007ರ ಜನವರಿಯಲ್ಲಿ ತನ್ನ ಗಿಡಮೂಲಿಕೆಯಿಂದ ಏಡ್ಸ್ ವಾಸಿಯಾಗುತ್ತದೆಂದು ಸಾರಿದ. ರೋಗಿಗಳ ಮೈಗೆ ತಾನೇ ಹಸಿರು ಔಷಧ ಬಳಿಯುವುದನ್ನು ಟೀವಿಯಲ್ಲಿ ತೋರಿಸಿದರು. ಆಸ್ಪತ್ರೆಯ ಮಾತ್ರೆ ನಿಲ್ಲಿಸಿ ಎಂದು ರೋಗಿಗಳಿಗೆ ಹೇಳಲಾಯಿತು. ಸಾಕ್ಷಿ ಎಲ್ಲಿ ಎಂದು ಕೇಳಿದ ವಿಶ್ವಸಂಸ್ಥೆಯ ಪ್ರತಿನಿಧಿ ಒಬ್ಬ ಹೆಂಗಸು. ಆಕೆಯನ್ನು ದೇಶದಿಂದ ಹೊರಗೆ ಹಾಕಿದರು. 2017ರಲ್ಲಿ ಜಾಮೆ ಅಧಿಕಾರ ಕಳೆದುಕೊಂಡು ಓಡಿಹೋದ ಮೇಲೆ, 2018ರಲ್ಲಿ ಆ ಚಿಕಿತ್ಸೆಯಿಂದ ಬದುಕುಳಿದ ಮೂವರು ಅವನ ಮೇಲೆ ಮೊಕದ್ದಮೆ ಹೂಡಿದರು. ಬದುಕುಳಿದವರು ಕೋರ್ಟಿಗೆ ಹೋಗಬಲ್ಲರು, ಉಳಿಯದವರ ಪರವಾಗಿ ಯಾರು ಹೋಗಬೇಕು?

ದಕ್ಷಿಣ ಆಫ್ರಿಕದ ಆರೋಗ್ಯ ಮಂತ್ರಿಯೇ ಬೆಳ್ಳುಳ್ಳಿ, ನಿಂಬೆ, ಬೀಟ್‌ರೂಟು ಮತ್ತು ‘ಆಫ್ರಿಕನ್ ಆಲೂಗಡ್ಡೆ’ ಎಂದು ಕರೆಯುವ ಒಂದು ಕಾಡುಗಡ್ಡೆಯನ್ನು ಎಚ್‌ಐವಿ ಪೀಡಿತರಿಗೆ ಹೊಗಳಿ ಹೇಳಿದರು. 2006ರ ಟೊರಾಂಟೊ ಸಮ್ಮೇಳನದಲ್ಲಿ ಆ ದೇಶದ ಮಳಿಗೆಯಲ್ಲಿ ಔಷಧದ ಜಾಗಕ್ಕೆ ಬೆಳ್ಳುಳ್ಳಿ, ನಿಂಬೆ ಇಟ್ಟಿದ್ದನ್ನು ಜಗತ್ತು ನೋಡಿತು. ಆ ಗಡ್ಡೆ ಎಚ್‌ಐವಿ ಮಾತ್ರೆಗಳನ್ನು ಶರೀರ ಅರಗಿಸಿಕೊಳ್ಳುವ ಕ್ರಮಕ್ಕೇ ಅಡ್ಡ ಬರಬಹುದೆಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿದ್ದವು. ನಿಜವಾದ ಔಷಧವನ್ನು ತಡಮಾಡಿದ್ದರಿಂದ 2000ದಿಂದ 2005ರವರೆಗೆ ಅಲ್ಲಿ 3,30,000ಕ್ಕೂ ಹೆಚ್ಚು ಜೀವ ಹೋಯಿತೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದರು. ಗಡ್ಡೆಯ ತಪ್ಪಲ್ಲ ಅದು. ಗಡ್ಡೆಯನ್ನು ಮುಂದೆ ಹಿಡಿದು ಮಾತ್ರೆಯನ್ನು ಹಿಂದೆ ಬಚ್ಚಿಟ್ಟವರ ತಪ್ಪು.

ಅಷ್ಟು ದೂರದ್ದು ಬೇಡವೆಂದರೆ ನಮ್ಮ ಬಾಗಲಕೋಟೆಯ ಸಂಗತಿ ಕೇಳಿ. ಸಸ್ಯಗಳ ನಾರಿನಂಶವಾದ ಸೆಲ್ಯುಲೋಸಿನಿಂದ ಮಾಡಿದ ಒಂದು ಜೆಲ್ ಇತ್ತು. ಹೆಂಗಸು ಗಂಡನನ್ನು ಬೇಡದೆ, ಕಾಡದೆ, ತಾನೇ ಹಚ್ಚಿಕೊಂಡು ಎಚ್‌ಐವಿಯಿಂದ ಪಾರಾಗುವಂತಾಗಲಿ ಎಂಬ ಒಳ್ಳೆಯ ಆಸೆಯಿಂದ ಅದನ್ನು ತಯಾರಿಸಿದ್ದರು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದು ವೈರಾಣುವನ್ನು ತಡೆದಿತ್ತು. ಬಾಗಲಕೋಟೆ, ಚೆನ್ನೈ ಮತ್ತು ಆಫ್ರಿಕದ ಮೂರು ಕಡೆ ಸುಮಾರು 1,400 ಹೆಂಗಸರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಆ ಜೆಲ್, ಇನ್ನೊಂದಕ್ಕೆ ಔಷಧವಿಲ್ಲದ ಜೆಲ್ ಕೊಟ್ಟರು. ಕಾಂಡೋಮನ್ನು ಎಲ್ಲರಿಗೂ ಕೊಟ್ಟರು. 2007ರ ಜನವರಿಯಲ್ಲಿ ಲೆಕ್ಕ ತೆಗೆದಾಗ ಔಷಧದ ಜೆಲ್ ಪಡೆದವರಲ್ಲೇ ಸೋಂಕು ಹೆಚ್ಚಿರುವಂತೆ ಕಂಡು ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು. ಪೂರ್ತಿ ಲೆಕ್ಕದಲ್ಲಿ ಆ ಪಾಲಿನಲ್ಲಿ 25, ಇನ್ನೊಂದರಲ್ಲಿ 16. ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದು ಎಂದರು. ರಕ್ಷಣೆ ಮಾತ್ರ ಇಲ್ಲವೆಂಬುದು ಖಚಿತವಾಯಿತು.

ಇದನ್ನು ಕೇಳಿ ‘ನೋಡಿದಿರಾ, ಇಂಗ್ಲಿಷ್ ಔಷಧದವರೂ ಸೋತರು’ ಎಂದು ಚಪ್ಪಾಳೆ ತಟ್ಟುವವರಿದ್ದಾರೆ. ಸೋತದ್ದು ನಮಗೆ ಗೊತ್ತಾದದ್ದು ಹೇಗೆ ಎಂದು ಅವರನ್ನು ಕೇಳಿ. ಎರಡನೆಯ ಗಡಿಗೆ ಇದ್ದದ್ದರಿಂದ. ಇಲ್ಲದಿದ್ದರೆ ಸೋಂಕು ತಗಲದ ನೂರಾರು ಹೆಂಗಸರು ಜೆಲ್ಲಿಗೆ ಕೈಮುಗಿಯುತ್ತಿದ್ದರು, ಅದು ಇವತ್ತಿಗೂ ಅಂಗಡಿಯಲ್ಲಿರುತ್ತಿತ್ತು. ಸೋಲನ್ನು ಅಚ್ಚುಹಾಕಿ ಜಗತ್ತಿಗೆ ಹೇಳಿದ ಔಷಧ ಅದು. ಗೋಡೆಯ ಮೇಲಿನ ಯಾವ ವೈದ್ಯ ತನ್ನಲ್ಲಿ ಗುಣವಾಗದವರ ಲೆಕ್ಕ ಬರೆದಿದ್ದಾನೆ, ತೋರಿಸಿ ನೋಡೋಣ.

ಗಾಜಿನ ತಟ್ಟೆಯಲ್ಲಿ ಕ್ರಿಮಿ ಸತ್ತರೆ ಸಾಲದು ಎಂಬುದನ್ನು ಆಫ್ರಿಕದ ಕೆಲ ಹೆಂಗಸರು ಬಳಸುವ ನಿಂಬೆರಸವೂ ಕಲಿಸಿತು. ತಟ್ಟೆಯಲ್ಲಿ ನಿಂಬೆರಸ ಎಚ್‌ಐವಿಯನ್ನು ಕೊಲ್ಲುತ್ತದೆ. ಆದರೆ ಕೊಲ್ಲುವಷ್ಟು ಗಟ್ಟಿಯಾದ ರಸ ಯೋನಿಯ ಒಳಪದರವನ್ನೇ ಕೆಡಿಸುತ್ತದೆಂದು ಪರೀಕ್ಷೆಯಲ್ಲಿ ಕಂಡಿತು. ಒಳಪದರ ಹರಿದರೆ ರೋಗಕ್ಕೆ ಬಾಗಿಲು ತೆರೆದಂತೆ. ನಮ್ಮ ಪಟಿಕದ ಪುಡಿಗೂ, ದಿನಾ ಒಳಗೆ ತೊಳೆದುಕೊಳ್ಳುವ ಚಟಕ್ಕೂ ಇದೇ ಮಾತು ಹೇಳಬೇಕು. ಒಳಗಿನ ಸ್ವಚ್ಛತೆಗೆ ದೇವರು ಒಳ್ಳೆಯ ಕ್ರಿಮಿಗಳನ್ನೇ ಇಟ್ಟಿದ್ದಾನೆ. ಅವನ್ನು ತೊಳೆದು ಹಾಕಿದರೆ ಕೆಟ್ಟವು ಬಂದು ಕೂರುತ್ತವೆ. ನಮ್ಮ ಬೇವಿನದೂ ಪರೀಕ್ಷೆ ನಡೆಯಿತು. ಬೇವಿನ ಸಾರ, ಅಂಟವಾಳದ ಸತ್ವ, ಕ್ವಿನೈನ್ ಸೇರಿಸಿ ದಿಲ್ಲಿಯ ವಿಜ್ಞಾನಿ ಜಿ. ಪಿ. ತಲ್ವಾರ್ ಅವರ ತಂಡ ‘ಪ್ರನೀಮ್’ ಎಂಬುದನ್ನು ಮಾಡಿತು. ಪುಣೆಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯಲ್ಲಿ ಕೆಲವೇ ಹೆಂಗಸರ ಮೇಲೆ ಅದರ ಸುರಕ್ಷತೆಯನ್ನು ನೋಡಿದರು. ಎಚ್‌ಐವಿಯನ್ನು ತಡೆಯುತ್ತದೆ ಎನ್ನುವ ಮಟ್ಟಕ್ಕೆ ಅದು ಮುಟ್ಟಲಿಲ್ಲ. ಅವರು ಮುಟ್ಟಿತೆಂದು ಹೇಳಿಕೊಳ್ಳಲೂ ಇಲ್ಲ. ಬೇವಿನ ಮೇಲೆ ನಿಜವಾದ ಪ್ರೀತಿ ಇರುವವರ ನಡತೆ ಇದು.

ಕಾನೂನು ಏನು ಮಾಡುತ್ತಿದೆ ಎಂದು ಕೇಳಬಹುದು. ಗುಹ್ಯರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಹಾಕಬಾರದೆಂಬ ಕಾಯಿದೆ 1954ರಿಂದಲೇ ಇದೆ. ಗೋಡೆಯ ಸುಣ್ಣ ಬದಲಾಗಿದೆ, ಬರಹ ಬದಲಾಗಿಲ್ಲ. ಬರಹ ಈಗ ಮೊಬೈಲಿನೊಳಗೂ ಬಂದು ಕೂತಿದೆ.

ಇಷ್ಟೆಲ್ಲ ಗೊತ್ತಿದ್ದರೂ ಹೆಂಗಸರು ಗುಟ್ಟಿನ ಔಷಧಕ್ಕೇ ಯಾಕೆ ಹೋಗುತ್ತಾರೆ? ಇಲ್ಲಿ ದವಾಖಾನೆಯವರೂ ಕೈಕಟ್ಟಿ ನಿಲ್ಲಬೇಕು. ಒಮ್ಮೆ ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಒಂದು ಆಸ್ಪತ್ರೆಗೆ ಹೋಗಿದ್ದೆ. ಬಾಗಿಲು ತೆರೆದೇ ಇತ್ತು, ಹೊರಗೆ ಹತ್ತು ಜನ ಕೂತಿದ್ದರು. ವೈದ್ಯರು ತಲೆಯೆತ್ತದೆ ದೊಡ್ಡ ದನಿಯಲ್ಲಿ, “ಎಷ್ಟು ಮಂದಿ ಜೋಡಿ ಸಂಬಂಧ ಐತಿ?” ಎಂದು ಕೇಳಿದರು. ಮದುವೆಯಾಗಿ ಎರಡು ವರ್ಷವಾಗಿದ್ದ ಆ ಹುಡುಗಿ ಗಂಡನನ್ನು ಬಿಟ್ಟರೆ ಇನ್ನೊಬ್ಬ ಗಂಡಸನ್ನು ತಲೆಯೆತ್ತಿ ನೋಡಿದವಳಲ್ಲ. ಅವಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ನಾಟಿ ವೈದ್ಯನಾದರೋ ದನಿ ತಗ್ಗಿಸಿ ಮಾತಾಡುತ್ತಾನೆ, ತಾಯಿ ಅನ್ನುತ್ತಾನೆ. ಒಳ್ಳೆಯ ಔಷಧವಿರುವಲ್ಲಿ ಒಳ್ಳೆಯ ಮಾತಿಲ್ಲ, ಒಳ್ಳೆಯ ಮಾತಿರುವಲ್ಲಿ ಔಷಧವಿಲ್ಲ. ಬಡ ಹೆಂಗಸು ಎತ್ತ ಹೋಗಬೇಕು? ಬಾಗಿಲು ಮುಚ್ಚಿ ಮಾತಾಡಿ ಎಂದು ಜೋರು ಮಾಡುವ ಹಕ್ಕು ನಮಗಿದೆ. ಅದನ್ನು ಕೇಳಿ ಪಡೆಯಬೇಕು. ಹಾಗೆಯೇ ಮೆಡಿಕಲ್ ಅಂಗಡಿಯಲ್ಲಿ ಹೇಳಿ ಎರಡು ಮಾತ್ರೆ ತಂದು ನುಂಗುವುದನ್ನೂ ಬಿಡಬೇಕು. ಅರೆಬರೆ ಚಿಕಿತ್ಸೆಗಳಿಂದ ಗೊನೋರಿಯಾ ಎಷ್ಟು ಮೊಂಡುಬಿದ್ದಿದೆಯೆಂದರೆ, ಹಿಂದೆ ಪೆನಿಸಿಲಿನ್ನಿಗೆ ಬಗ್ಗುತ್ತಿದ್ದದ್ದು ಈಗ ಬಗ್ಗುವುದಿಲ್ಲ.

ನಾಚಿಕೆ ಬಿಟ್ಟು ಕೇಳುವುದನ್ನು ಕಲಿಯಬೇಕಾದರೆ ನಮ್ಮ ಪಕ್ಕದ ಸಾಂಗಲಿಗೆ ಹೋಗಬೇಕು. ನಾವು ಹೆಸರೆತ್ತಿದರೆ ಮುಖ ತಿರುಗಿಸುವ ಓಣಿಯ ಹೆಂಗಸರು ಅಲ್ಲಿದ್ದಾರೆ. ಅವರಲ್ಲಿ ಅನೇಕರು ನಮ್ಮ ಸೀಮೆಯವರೇ, ಕನ್ನಡ ಮಾತಿನವರೇ. 1992ರಲ್ಲಿ ‘ಸಂಗ್ರಾಮ’ ಎಂಬ ಸಂಸ್ಥೆ ಅಲ್ಲಿ ಕೆಲಸ ಶುರುಮಾಡಿತು. 1996ರಲ್ಲಿ ಆ ಹೆಂಗಸರೇ ಸೇರಿ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’ ಕಟ್ಟಿಕೊಂಡರು. ಕಾಂಡೋಮು ಹಂಚುವುದು, ಆಸ್ಪತ್ರೆಗೆ ಜೊತೆಯಾಗಿ ಹೋಗುವುದು, ಪೊಲೀಸರನ್ನು ಎದುರಿಸುವುದು ಎಲ್ಲವನ್ನೂ ಅವರೇ ಮಾಡಿದರು. ರೋಗದ ಹೆಸರನ್ನು ಅವರು ಬಾಯಿಬಿಟ್ಟು ಆಡುತ್ತಾರೆ. ಮರ್ಯಾದಸ್ಥರೆನಿಸಿಕೊಂಡ ನಾವು ಆಡುವುದಿಲ್ಲ. ಅವರ ಹತ್ತಿರ ಹೋಗಿಬರುವ ಗಂಡಸು ನಮ್ಮ ಮನೆಯಲ್ಲೇ ಊಟಕ್ಕೆ ಕೂರುತ್ತಾನೆ. ಅಲ್ಲಿ ಕಾಂಡೋಮು ಹಾಕೆಂದು ಹೇಳುವ ಹೆಂಗಸಿದ್ದಾಳೆ, ಇಲ್ಲಿ ಇಲ್ಲ.

ನನ್ನ ಮುಖ್ಯ ಮಾತು ಇದೇ. ಗುಟ್ಟಿನ ಔಷಧದ ದೊಡ್ಡ ಗುಣವೆಂದರೆ ಅದು ಗಂಡನನ್ನು ಕರೆಯುವುದಿಲ್ಲ. ಕಷಾಯ ಹೆಂಡತಿಗೆ, ಪಥ್ಯ ಹೆಂಡತಿಗೆ, ತೊಳೆದುಕೊಳ್ಳುವುದು ಹೆಂಡತಿಗೆ. ಗಂಡ ತನ್ನ ಗುಳಿಗೆಯನ್ನು ಬೇರೆ ಊರಿನಲ್ಲಿ ಬೇರೆ ಗುಟ್ಟಿನಲ್ಲಿ ತಂದು ನುಂಗಿರುತ್ತಾನೆ. ಅವನ ಹುಣ್ಣು ತಾನಾಗಿ ಮಾಯ್ದಿರುತ್ತದೆ. ಇಬ್ಬರ ನಡುವೆ ರೋಗ ಮಾತ್ರ ಚೆಂಡಿನಂತೆ ಹೋಗಿ ಬಂದು ಮಾಡುತ್ತಿರುತ್ತದೆ. ಮಕ್ಕಳಾಗದಿದ್ದರೆ ಬಂಜೆ ಎಂಬ ಹೆಸರು ಅವಳಿಗೆ, ಎರಡನೆಯ ಮದುವೆ ಅವನಿಗೆ. ಸರಕಾರಿ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ಇಂಥ ತೊಂದರೆಗಳಿಗೆ ಬೂದು, ಹಸಿರು, ಬಿಳಿ, ಹಳದಿ ಎಂದು ಬಣ್ಣದ ಗುರುತಿನ ಪೊಟ್ಟಣಗಳಲ್ಲಿ ಔಷಧವನ್ನು ಪುಕ್ಕಟೆ ಕೊಡುತ್ತಾರೆ. ರೋಗ ಅಂಟುವ ಜಾತಿಯದಾಗಿದ್ದರೆ ಜೊತೆಗಾರನಿಗೂ ಔಷಧ ಕೊಡಬೇಕೆಂಬುದು ಅಲ್ಲಿನ ನಿಯಮ. ಎಚ್‌ಐವಿಯ ಮಾತ್ರೆಯೂ 2004ರಿಂದ ಸರಕಾರದಲ್ಲಿ ಪುಕ್ಕಟೆ ಸಿಗುತ್ತಿದೆ. ಅದು ರೋಗವನ್ನು ಬೇರುಸಹಿತ ಕೀಳದಿದ್ದರೂ ಆಯುಷ್ಯವನ್ನು ಉಳಿಸುತ್ತದೆ, ದಿನಾ ತಪ್ಪದೆ ನುಂಗಿದರೆ ಕೂಸಿಗೆ ದಾಟುವುದನ್ನೂ ಬಹುಮಟ್ಟಿಗೆ ತಡೆಯುತ್ತದೆ.

ಆದ್ದರಿಂದ ಅಕ್ಕತಂಗಿಯರೇ, ನಾಳೆ ನಿಮಗಾಗಲಿ, ನಿಮ್ಮ ಮಗಳಿಗಾಗಲಿ, ಸೊಸೆಗಾಗಲಿ ಯಾರಾದರೂ ‘ಒಳಗಿನ ಬ್ಯಾನಿ’ಗೆ ಔಷಧ ಕೊಟ್ಟರೆ ಮೂರು ಪ್ರಶ್ನೆ ಕೇಳಿ. ಕೊಡುವವರು ಗಾವಟಿಯವರಾದರೂ ಸರಿ, ಗೋಡೆಯವರಾದರೂ ಸರಿ, ದೊಡ್ಡ ಪದವಿಯ ವೈದ್ಯರಾದರೂ ಸರಿ. ಇದರೊಳಗೆ ಏನಿದೆ? ಇದನ್ನು ತಗೊಂಡು ಗುಣವಾಗದವರ ಲೆಕ್ಕ ಎಲ್ಲಿದೆ? ನನ್ನ ಗಂಡನಿಗೆ ಏನು ಕೊಡುತ್ತೀರಿ? ಮೂರಕ್ಕೂ ಉತ್ತರ ಹೇಳಿದವರ ಔಷಧ ತಗೊಳ್ಳಿ. ಮೂರನೆಯ ಪ್ರಶ್ನೆಗೇ ಸಿಟ್ಟಾದವರ ಗುಳಿಗೆಯನ್ನು ಅಲ್ಲಿಯೇ ಬಿಟ್ಟು ಎದ್ದು ಬನ್ನಿ.